ಘೋಡಗೇರಿಯ ಪಡುವಣ ಗೋಡೆ ಮತ್ತು ನನ್ನ ಥಾಪಿ

ಗೌಂಡಿ ಕೆಲಸ ಮಾಡುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೋಡೆಗೆ ತೇವ ಏರಿದ ಹಾಗೆ ಅವು ತಾವೇ ಏರಿಕೊಂಡು ಬರುತ್ತವೆ, ಒರೆಸಿದಷ್ಟೂ ಮತ್ತೆ ಮೂಡುತ್ತವೆ.

ನಾನು ಗೋಕಾಕದವನು. ಇಪ್ಪತ್ತೆಂಟು ವರ್ಷದಿಂದ ಕೈಯಲ್ಲಿ ಥಾಪಿ, ಅಂದರೆ ಗಾರೆ ಬಳಿಯುವ ಕರಣೆ, ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕಿನ ಗೋಡೆಗಳಿಗೆ ಗಾರೆ ಬಳಿದಿದ್ದೇನೆ. ಮನೆ ಕಟ್ಟುವವರು ಬಹಳ ಜನ ಇದ್ದಾರೆ. ನನ್ನ ಕೆಲಸ ಕಟ್ಟಿದ್ದನ್ನು ನೀರಿನಿಂದ ಉಳಿಸುವುದು. ಹೊರಗೋಡೆಯ ಪ್ಲಾಸ್ಟರ್ ಉಬ್ಬಿದೆ, ಉಪ್ಪಿನ ಬಿಳಿ ಸೌಳು ಬಿಟ್ಟಿದೆ, ಹಪ್ಪಳದ ಹಾಗೆ ಎದ್ದು ನಿಂತಿದೆ ಅಂದರೆ ನನ್ನನ್ನು ಕರೆಯುತ್ತಾರೆ. ನನಗೆ ನೀರಿನ ಮೇಲೆ ಸ್ವಂತ ಸಿಟ್ಟಿದೆ. ಕುಡಿಯುವಾಗ ಬಿಟ್ಟರೆ ಉಳಿದ ಹೊತ್ತಿನಲ್ಲಿ ಅದನ್ನು ನಂಬುವುದಿಲ್ಲ. ಹೆಂಡತಿ ಹೇಳುತ್ತಾಳೆ, "ಮಳಿ ಬಂದ್ರ ಮಂದಿ ಹೊಲಾ ನೋಡ್ತಾರ, ನೀವು ಗ್ವಾಡಿ ನೋಡ್ತೀರಿ." ಖರೆ ಮಾತು.

ಇಲ್ಲಿ ಹೇಳುತ್ತಿರುವುದೆಲ್ಲ ಒಂದೇ ವರ್ಷದಲ್ಲಿ ನಡೆದದ್ದು, ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯೊಳಗೆ. ಆ ವರ್ಷ ನನ್ನ ಥಾಪಿಯೇ ಪಣಕ್ಕೆ ಬಿದ್ದಿತ್ತು.

೧. ಬಾಯಲ್ಲಿ ಹೋಳಿಗೆ ಇದ್ದಾಗ ಆಣೆ ಮಾಡಬಾರದು

ನನ್ನ ಮಾವನವರ ಊರು ಹುಕ್ಕೇರಿ ತಾಲೂಕಿನ ಘೋಡಗೇರಿ. ಅವರೂ ಗೌಂಡಿ. ನನಗೆ ಥಾಪಿ ಹಿಡಿಯಲು ಕಲಿಸಿದವರೇ ಅವರು, ಮಗಳನ್ನು ಕೊಟ್ಟದ್ದು ಆಮೇಲೆ. ಹಾಗಾಗಿ ನನ್ನ ಜೊತೆ ಮಾತಾಡಲು ಅವರಿಗೆ ಎರಡು ಧಾಟಿ. ಊಟ, ಚಹಾ, ನೆಂಟಸ್ತಿಕೆಯ ಮಾತಿಗೆ "ಬರ್ರಿ ಅಳಿಯಾರ". ಗೋಡೆಯ ಮಾತು ಬಂತೋ "ಲೇ". ವಯಸ್ಸಾಗಿ ಅವರು ಕೆಲಸ ಬಿಟ್ಟು ಹತ್ತು ವರ್ಷವಾಯಿತು. ಆ "ಲೇ" ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ಅವರ ಮನೆಯ ಪಡುವಣ ಗೋಡೆ ಮುಂಗಾರಿನ ಗಾಳಿಮಳೆಯನ್ನೆಲ್ಲ ಎದೆಗೊಟ್ಟು ತೆಗೆದುಕೊಳ್ಳುವ ಗೋಡೆ. ಹಳೆಯದು, ಕಲ್ಲುಮಣ್ಣಿನಲ್ಲಿ ಕಟ್ಟಿದ್ದು. ಮಾವ ಅದರ ಮೇಲೆ ಸಿಮೆಂಟು ಬಳಿದಿದ್ದರು. ಅದು ಉಬ್ಬಿತು. ಉಬ್ಬಿದ್ದರ ಮೇಲೆ ಇನ್ನೊಂದು ಪದರ ಬಳಿದರು. ಅದೂ ಉಬ್ಬಿತು. ಮೂರನೆಯ ಪದರದ ಹೊತ್ತಿಗೆ ಗೋಡೆ ಊರ ಶೆಟ್ಟಿಯ ಹಾಗೆ ಹೊಟ್ಟೆ ಬಿಟ್ಟಿತ್ತು. ಇಂಥ ಗೋಡೆಯೊಳಗೆ ನೀರು ಹೇಗಾದರೂ ಹೋಗುತ್ತದೆ, ಬಿರುಕಿನಿಂದ, ನೆಲದಿಂದ. ಆದರೆ ಸಿಮೆಂಟು ಅದನ್ನು ಹೊರಗೆ ಬರಗೊಡುವುದಿಲ್ಲ. ಬಂದ ನೆಂಟನನ್ನು ಒಳಗೆ ಹಾಕಿ ಬಾಗಿಲಿಗೆ ಕೀಲಿ ಹಾಕಿದರೆ ಅವನು ಗೋಡೆಯನ್ನೇ ಒಡೆದುಕೊಂಡು ಹೊರಗೆ ಬರುತ್ತಾನೆ.

ಆ ಯುಗಾದಿಗೆ ಬೀಗರು, ನೆಂಟರು ಎಲ್ಲ ಸಾಲಾಗಿ ಊಟಕ್ಕೆ ಕುಳಿತಿದ್ದೆವು. ಹೊರಗೆ ದಪ್ ಅಂತ ಸಪ್ಪಳವಾಯಿತು.

"ಏನಿಲ್ಲ, ಬೆಕ್ಕು," ಅಂದರು ಮಾವ.

"ಬೆಕ್ಕಲ್ರಿ ಮಾವಾರ, ನಿಮ್ಮ ಸಿಮಿಟ್," ಅಂದೆ ನಾನು.

ಸುಮ್ಮನಿರಬೇಕಿತ್ತು. ಸುಮ್ಮನಿರುವುದನ್ನು ಮಾವನೂ ನನಗೆ ಕಲಿಸಿರಲಿಲ್ಲ.

"ಲೇ, ಆ ಗ್ವಾಡಿಗೆ ನಾ ಮೂರ ಸಲ ಸಿಮಿಟ್ ಬಡದೇನಿ."

"ಅದಕ್ಕ ಬೀಳಾಕತ್ತೈತ್ರಿ. ಕಲ್ಲಮಣ್ಣಿನ ಗ್ವಾಡಿ ಉಸರಾಡಬೇಕು. ನೀವು ಮೂರ ಕಂಬಳಿ ಹೊಚ್ಚಿ ಮಲಗಿಸೀರಿ."

"ಹಂಗಾರ ನೀ ಮಾಡಿ ತೋರಸು."

"ತೋರಸ್ತೇನಿ. ಮುಂದಿನ ಯುಗಾದಿತನಕಾ ಆ ಗ್ವಾಡಿ ಮ್ಯಾಲ ಅಂಗೈ ಅಗಲ ಹಸಿ ಕಂಡ್ರ ನನ್ನ ಥಾಪಿ ನಿಮ್ಮ ಪಾದಕ್ಕಿಟ್ಟು ಕೆಲಸಾ ಬಿಡ್ತೇನಿ."

ಪಂಕ್ತಿಯಲ್ಲಿ ಇಪ್ಪತ್ತು ಜನ ಕೇಳಿದ ಮಾತು, ಸಂಜೆಯೊಳಗೆ ಘೋಡಗೇರಿಗೆಲ್ಲ ಗೊತ್ತಾಯಿತು. ಥಾಪಿ ಬಿಟ್ಟರೆ ನನಗೆ ಬರುವ ಇನ್ನೊಂದೇ ಕೆಲಸ ಊಟ ಮಾಡುವುದು. ಭಯ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆಡಿದ ಮಾತಿನಿಂದ ಹಿಂದೆ ಸರಿಯುವ ಯೋಚನೆ ಮಾತ್ರ ಬರಲಿಲ್ಲ.

ಗಾಡಿಯ ಮೇಲೆ ಗೋಕಾಕಕ್ಕೆ ವಾಪಸು ಬರುವಾಗ ಅರ್ಧ ದಾರಿಯಲ್ಲಿ ಹೆಂಡತಿ ಅಂದಳು, "ನಂದ ತಪ್ಪು."

"ನಿಂದೇನ ತಪ್ಪು?"

"ಆವಾಗ ಇನ್ನೊಂದು ಹೋಳಿಗಿ ನೀಡಿದ್ರ ನಿಮ್ಮ ಬಾಯಿ ತುಂಬಿರ್ತಿತ್ತು."

೨. ಬೇಸಿಗೆಯಲ್ಲಿ ಒಂದೇ ಗೋಡೆ

ಮರುದಿನವೇ ಹೋಗಿ ಮೂರೂ ಪದರ ಸಿಮೆಂಟು ಕೆಡವಿದೆ. ಗೋಡೆಯನ್ನು ಬೇಸಿಗೆಯ ಬಿಸಿಲಿಗೆ ಬರಿಮೈಯಲ್ಲಿ ಒಣಗಲು ಬಿಟ್ಟೆ. ಊರವರು ಬಂದು ನೋಡಿ, "ಗೌಂಡಿ ಓಡಿ ಹ್ವಾದ," ಅಂದುಕೊಂಡರು. ಅದು ಚೆನ್ನಾಗಿ ಒಣಗಿದ ಮೇಲೆ ಸುಣ್ಣ ಮತ್ತು ಉಸುಕಿನ ಗಾರೆಯನ್ನು ತೆಳ್ಳಗೆ ಎರಡು ಸಲ ಬಳಿದೆ. ಕಿಟಕಿಯ ಮೇಲಿನ ಛಜ್ಜಾದ ಅಡಿಯಲ್ಲಿ ಬೆರಳಗಲದ ಗೆರೆ ಕೊರೆದೆ, ಮಳೆಯ ನೀರು ಹಿಂದಕ್ಕೆ ಹರಿದು ಗೋಡೆ ಸೇರದೆ ಅಲ್ಲಿಂದಲೇ ತೊಟ್ಟಿಕ್ಕಲಿ ಅಂತ. ಗಾರೆಯನ್ನು ನೆಲಕ್ಕೆ ತಾಗಿಸದೆ ನಾಲ್ಕು ಬೆರಳು ಮೇಲೇ ನಿಲ್ಲಿಸಿದೆ. ಬುಡದಲ್ಲಿ ನೀರು ಆಚೆಗೆ ಹೋಗುವ ಹಾಗೆ ಇಳಿಜಾರು ಮಾಡಿದೆ.

ಹೊಸ ಗಾರೆ ಗಟ್ಟಿಯಾಗಲು ನೀರು ಬೇಕು. ಹತ್ತು ದಿನ ಹೊತ್ತು ಹೊತ್ತಿಗೆ ನೀರು ಚಿಮುಕಿಸಿ ನಿಲ್ಲಿಸಿದೆ. ಮಾವ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

"ಇಷ್ಟಕ್ಕ ಸಾಕ?"

"ಸಾಕ್ರಿ."

ಅವರು ಹುಬ್ಬು ಏರಿಸಿದರು. ಅದನ್ನು ನಾನು ಒಪ್ಪಿಗೆ ಅಂದುಕೊಂಡೆ.

ಅತ್ತೆ ಬಂದು ಗೋಡೆಯನ್ನು ಅಂಗೈಯಿಂದ ಸವರಿ, "ಭಾಳ ಚಂದ ಆಗೇತ್ರಿ," ಅಂದರು. ಆಮೇಲೆ ಮೆಲ್ಲಗೆ ಕೇಳಿದರು, "ಅಳಿಯಾರ, ಥಾಪಿ ಬಿಟ್ರ ನಮ್ಮ ಹೊಲದಾಗ ಕಬ್ಬಿನ ಒಣಾ ರವದಿ ಸುಲಿಯಾಕ ಬರ್ತೀರೇನು?"

೩. ಮಾಸ್ತರರ ಮನೆ ಇಳಿದದ್ದು

ಮಳೆಗೆ ಮುಂಚೆ ಹುಕ್ಕೇರಿಯ ಒಬ್ಬ ನಿವೃತ್ತ ಮಾಸ್ತರರು ಕರೆದರು. ಬೀದಿಗೋಡೆಯ ಬುಡದಲ್ಲಿ ಮೊಣಕಾಲೆತ್ತರದವರೆಗೆ ಪ್ಲಾಸ್ಟರ್ ಉದುರುತ್ತಿತ್ತು. ಮನೆ ಕಟ್ಟಿಸಿದಾಗ ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಿತ್ತಂತೆ. ಆಮೇಲೆ ಹಳೆಯ ರಸ್ತೆಯ ಮೇಲೆ ಹೊಸ ರಸ್ತೆ, ಅದರ ಮೇಲೆ ಇನ್ನೂ ಹೊಸ ರಸ್ತೆ ಬಂದು, ಈಗ ಎರಡು ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಮಳೆ ಬಂದರೆ ಬೀದಿಯ ನೀರೆಲ್ಲ ಮಾಸ್ತರರ ಗೋಡೆಗೆ ಒರಗಿ ನಿಲ್ಲುತ್ತಿತ್ತು.

ಅವರು ಸುಮ್ಮನೆ ಕುಳಿತವರಲ್ಲ. ನೀರು ಒಳಗೆ ಬರುತ್ತದೆ ಅಂತ ರಸ್ತೆ ಏರಿದ ಹಾಗೆ ತಮ್ಮ ಹೊಸ್ತಿಲನ್ನೂ ಏರಿಸುತ್ತ ಬಂದಿದ್ದರು. ಬಾಗಿಲಿನ ಮೇಲಿನ ಪಟ್ಟಿ ಮಾತ್ರ ಇದ್ದಲ್ಲೇ ಇತ್ತು. ಹಾಗಾಗಿ ಬಾಗಿಲು ವರ್ಷವರ್ಷಕ್ಕೆ ಗಿಡ್ಡವಾಗಿ, ನಾನು ಹೋದಾಗ ಎದೆಯೆತ್ತರ ಉಳಿದಿತ್ತು. ನಾನು ನೋಡದೆ ನುಗ್ಗಿ ಹಣೆ ಜಜ್ಜಿಕೊಂಡೆ.

ಹಣೆ ಉಜ್ಜಿಕೊಳ್ಳುತ್ತಲೇ ಮಾಡಬೇಕಾದ್ದು ಹೇಳಿದೆ. ಗೋಡೆಯ ಬುಡಕ್ಕೆ ಗಟಾರ ತೋಡಿ ನೀರಿಗೆ ದಾರಿ ಕೊಡಬೇಕು, ಬುಡದ ಪ್ಲಾಸ್ಟರ್ ಕೆತ್ತಿ ತೆಗೆಯಬೇಕು. ಅವರು ಎಲ್ಲದಕ್ಕೂ ಹೂಂ ಅಂದರು. ನಾಲ್ಕು ದಿನ ಅವರೂ ಗುದ್ದಲಿ ಹಿಡಿದು ನನ್ನ ಜೊತೆ ತೋಡಿದರು. ಮೊದಲ ಮಳೆಗೆ ನೀರು ಗಟಾರ ಹಿಡಿದು ಶಿಸ್ತಿನಿಂದ ಹೋಯಿತು.

"ಇನ್ನ ಬಾಗಲದ ಪಟ್ಟಿ ಒಂದ ಮೊಳಾ ಮ್ಯಾಲ ಏರಿಸಿ ಕೊಡ್ತೇನ್ರಿ ಮಾಸ್ತರ," ಅಂದೆ.

"ಏ, ಅದನ್ನ ಮುಟ್ಟಬ್ಯಾಡ್ರಿ," ಅಂದರು ಅವರು. "ಮೂವತ್ತ ವರ್ಷ ಸಾಲ್ಯಾಗ ಕಲಿಸೇನಿ, ಒಬ್ಬನೂ ತಲಿ ಬಗ್ಗಿಸಲಿಲ್ಲ. ಈಗ ನೋಡ್ರಿ, ಮನಿಗೆ ಬಂದಾವ್ರೆಲ್ಲಾ ಬಗ್ಗಿ ಒಳಗ ಬರ್ತಾರ."

೪. ಕುಳ್ಳಿಗೆ ಒಂದು ಗೋಡೆ

ಬೆಲ್ಲದ ಬಾಗೇವಾಡಿಯ ಒಂದು ಒಕ್ಕಲುತನದ ಮನೆಗೆ ಹಿಂದಿನ ಎರಡು ವರ್ಷದಲ್ಲಿ ಮೂರು ಸಲ ಹೋಗಿದ್ದೆ. ತೆಂಕಣ ಗೋಡೆಯ ಪ್ಲಾಸ್ಟರ್ ಎಷ್ಟು ಸಲ ಮಾಡಿದರೂ ಗುಂಡುಗುಂಡಾಗಿ ಎದ್ದು ಬೀಳುತ್ತಿತ್ತು. ಬಿರುಕು ನೋಡಿದೆ, ಪೈಪು ನೋಡಿದೆ, ಬುಡ ನೋಡಿದೆ. ಏನೂ ಸಿಗಲಿಲ್ಲ. ನಾಲ್ಕನೆಯ ಸಲ ಹೇಳದೆ ಕೇಳದೆ ಹೋದೆ. ಮನೆಯ ಅಮ್ಮ ಸೆಗಣಿಯ ಬುಟ್ಟಿ ಇಟ್ಟುಕೊಂಡು ನನ್ನ ಪ್ಲಾಸ್ಟರಿನ ಮೇಲೆ ಕುಳ್ಳು, ಅಂದರೆ ಬೆರಣಿ, ತಟ್ಟುತ್ತಿದ್ದರು. ನಾನು ಬರುತ್ತೇನೆ ಅಂತ ಫೋನು ಮಾಡಿದಾಗಲೆಲ್ಲ ಗೋಡೆ ಕೆರೆದು, ತೊಳೆದು, ಸ್ವಚ್ಛ ಮಾಡಿ ಇಡುತ್ತಿದ್ದರಂತೆ. ಬಂದವರ ಮುಂದೆ ಮನೆ ಹೊಲಸು ಕಾಣಬಾರದಲ್ಲ.

"ಯವ್ವಾ, ಹಸಿ ಸೆಗಣಿ ಗ್ವಾಡಿಗೆ ಹಚ್ಚಿದ್ರ ನೀರೂ ಉಪ್ಪೂ ಒಳಗ ಇಳಿತಾವ. ಅದಕ್ಕ ಏಳಾಕತ್ತೈತಿ."

"ನಮ್ಮತ್ತಿ ಕಾಲದಿಂದ ಇದ ಗ್ವಾಡಿಗೆ ಹಚ್ಚೇವ್ರಿ. ಬಿಸಲ ಇಲ್ಲೇ ಚಲೋ ಬೀಳತೈತಿ."

ಅವರು ಹೇಳಿದ್ದೂ ಸುಳ್ಳಲ್ಲ. ಅವರ ಅತ್ತೆಯ ಕಾಲದಲ್ಲಿ ಅದು ಮಣ್ಣಿನ ಗೋಡೆ, ವರ್ಷಕ್ಕೊಮ್ಮೆ ಮತ್ತೆ ಮೆತ್ತುತ್ತಿದ್ದರು. ಕುಳ್ಳು ಬಿಡಿ ಅನ್ನಲು ನಾನು ಯಾರು? ಹಟ ಹಿಡಿದು ಒಂದು ಉಪಾಯ ಮಾಡಿದೆ. ಹಿತ್ತಲಿನಲ್ಲಿ ಬಿಸಿಲು ಚೆನ್ನಾಗಿ ಬೀಳುವ ಕಡೆ, ಮನೆಗೆ ತಾಗದ ಹಾಗೆ, ಕುಳ್ಳಿಗಾಗಿಯೇ ಎದೆಯೆತ್ತರದ ಒಂದು ಮೋಟುಗೋಡೆ ಕಟ್ಟಿದೆ. ಅದಕ್ಕೂ ನುಣ್ಣಗೆ ಪ್ಲಾಸ್ಟರ್ ಮಾಡಿದೆ. ನನ್ನ ಜಾಣತನಕ್ಕೆ ನನಗೇ ಖುಷಿಯಾಗಿ ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತ ಬಂದೆ.

ಎರಡು ತಿಂಗಳ ಮೇಲೆ ಹೋಗಿ ನೋಡಿದೆ. ಮೋಟುಗೋಡೆಗೆ ಸುಣ್ಣ ಹೊಡೆದು, ಕೆಮ್ಮಣ್ಣಿನ ಅಂಚು ಬರೆದು, ನಡುವೆ ರಂಗೋಲಿಯ ನವಿಲು ಬಿಡಿಸಿದ್ದರು. ಕುಳ್ಳು ಮನೆಯ ಗೋಡೆಯ ಮೇಲೇ ಸಾಲಾಗಿ ಕುಳಿತಿದ್ದವು.

"ಯವ್ವಾ, ಇದೇನು?"

"ಇಷ್ಟ ಚಂದದ ಗ್ವಾಡಿಗೆ ಕುಳ್ಳ ಹಚ್ಚಾಕ ಮನಸ ಬರ್ಲಿಲ್ರಿ."

೫. ಹನಿ ನೀರೂ ಒಳಗೆ ಹೋಗದು

ಗೋಕಾಕದಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೂ ನನಗೂ ಹಳೆಯ ವಾದ. ಅವರ ಅಂಗಡಿಯ ಮಳೆ ಬಡಿಯುವ ಗೋಡೆ ಒಳಗೆಲ್ಲ ಹಸಿ ಇತ್ತು. "ಮೊದಲ ಬಿರುಕ ಮುಚ್ಚೋಣ, ಒಣಗಲಿ, ಆಮ್ಯಾಲ ಬಣ್ಣಾ," ಅಂತ ನಾನು. ಅಷ್ಟರಲ್ಲಿ ಯಾವುದೋ ಊರಿನಿಂದ ಬಣ್ಣ ಮಾರುವವನೊಬ್ಬ ಬಂದ. ಹಸಿ ಗೋಡೆಗೇ ಬಣ್ಣ ಬಳಿದು, ಮೇಲೆ ಆಳೆತ್ತರದ ಅಕ್ಷರದಲ್ಲಿ "ಹನಿ ನೀರೂ ಒಳಗೆ ಹೋಗದು" ಅಂತ ಬರೆಸಿ ಹೋದ. ಅಂಗಡಿಯವರು ನನ್ನನ್ನು ಕಂಡಾಗಲೆಲ್ಲ ಆ ಕಡೆ ಗದ್ದ ಎತ್ತಿ ತೋರಿಸುತ್ತಿದ್ದರು.

ಮುಂಗಾರು ಒಂದು ವಾರ ಹೊಡೆಯಿತು. ಒಂದು ಮುಂಜಾನೆ ನೋಡಿದರೆ ಬಣ್ಣ ಆಳೆತ್ತರದ ಚೀಲವಾಗಿ ನೀರು ತುಂಬಿಕೊಂಡು ಜೋತಾಡುತ್ತಿತ್ತು. ಮಧ್ಯಾಹ್ನ ಅದು ಒಡೆದು, ಅಕ್ಷರಗಳೆಲ್ಲ ಗಟಾರ ಸೇರಿದವು. ನಾನು ಚಹಾದ ಗ್ಲಾಸು ಹಿಡಿದು ಅವರ ಮುಂದೆ ಹೋಗಿ ನಿಂತೆ. ನಾನೂ ಮನುಷ್ಯ, ಅಷ್ಟು ಸಂತೋಷ ನನಗೂ ಬೇಕು.

"ಏನ್ರಿ ಕಾಕಾ, ಹನಿ ನೀರ ಒಳಗ ಹೋಗೂದಿಲ್ಲ ಅಂದಿದ್ರಿ."

ಅವರು ಬರಿದಾದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಸೋಲು ಒಪ್ಪುವ ಮನುಷ್ಯನಲ್ಲ.

"ಒಳಗ ಹೋಗಿಲ್ಲಲ್ಲ. ನೋಡ್ರಿ, ಎಲ್ಲಾ ಹೊರಗ ಬಂದೈತಿ." ತಕ್ಕಡಿಗೆ ಬೆಲ್ಲ ಇಡುತ್ತ ಮುಂದುವರಿಸಿದರು, "ನಿಮ್ಮ ಥಾಪಿ ಇನ್ನಾ ಐತೇನ್ರಿ? ಘೋಡಗೇರ್ಯಾಗೂ ಮಳಿ ಜೋರ ಐತಂತ."

೬. ಟಗರಿನ ಪರೀಕ್ಷೆ

ಥಾಪಿಯ ಸುದ್ದಿ ಮೂಡಲಗಿಗೂ ಮುಟ್ಟಿತ್ತು. ಮೂಡಲಗಿಯ ಆಚೆ ಒಂದು ಕುರಿಗಾರರ ಮನೆಯಿಂದ ಕರೆ ಬಂದಾಗ ಫೋನಿನಲ್ಲಿ ಮೊದಲ ಮಾತೇ ಅದು. "ಆಣಿ ಮಾಡಿದ ಗೌಂಡಿ ನೀವ ಏನ್ರಿ?"

ಅವರ ಮನೆಯ ಹಿಂದಿನ ಗೋಡೆಗೆ ಒರಗಿಯೇ ಕುರಿಯ ಹಟ್ಟಿ. ವರ್ಷಗಟ್ಟಲೆ ಕುರಿಯ ಗಂಜಲ ಗೋಡೆಯ ಬುಡದಲ್ಲಿ ಇಂಗಿ, ಸೊಂಟದೆತ್ತರಕ್ಕೆ ಬಿಳಿ ಸೌಳು ಎದ್ದಿತ್ತು. ನಾನು ಹೋದಾಗ ಏಳೆಂಟು ಕುರಿಗಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ದೇವರಿಗೆ ಕೈ ಮುಗಿಯುತ್ತಿವೆಯೇನೋ ಅನ್ನಿಸಿತು. ಹತ್ತಿರ ಹೋಗಿ ನೋಡಿದರೆ ಪ್ಲಾಸ್ಟರನ್ನು ನೆಕ್ಕುತ್ತಿದ್ದವು. ಸೌಳು ಉಪ್ಪುಪ್ಪಾಗಿರುತ್ತದೆ, ಕುರಿಗೆ ಉಪ್ಪು ಅಂದರೆ ಪ್ರಾಣ.

ಮನೆಯ ಅಜ್ಜಿಗೆ ಗೋಡೆ ಸರಿಯಾಗಬೇಕಿತ್ತು, ಅಜ್ಜನಿಗೆ ಬೇಡವಾಗಿತ್ತು. "ಕುರಿಗೆ ಉಪ್ಪ ಎಲ್ಲಿಂದ ತರ್ಲಿ? ಗ್ವಾಡಿ ತಾನ ಕೊಡತೈತಿ," ಅಂತ ಅವರ ವಾದ. "ಹಿಂಗ ನೆಕ್ಕಿದ್ರ ಮುಂದಿನ ವರ್ಷ ಕುರಿ ನಿಮ್ಮ ಅಡಗಿ ಮನ್ಯಾಗ ಬಂದ ನಿಲ್ತಾವ," ಅಂತ ನಾನು ಹೇಳಿದ ಮೇಲೆ ಒಪ್ಪಿದರು. ಹಟ್ಟಿಯನ್ನು ಹತ್ತು ಹೆಜ್ಜೆ ಆಚೆ ಸರಿಸಿದೆವು. ಹಳೆಯ ಪ್ಲಾಸ್ಟರ್ ಕೆಡವಿ, ಗೋಡೆಯನ್ನು ತಿಕ್ಕಿ, ಸೌಳು ಮತ್ತೆ ಏಳುವುದು ನಿಲ್ಲುವವರೆಗೆ ತಿಂಗಳುಗಟ್ಟಲೆ ಕಾದು, ಹೊಸ ಗಾರೆ ಬಳಿದೆ. ಇಂಥ ಕೆಲಸದಲ್ಲಿ ಅವಸರ ಮಾಡಿದವನು ಎರಡು ಸಲ ಮಾಡುತ್ತಾನೆ.

ಕೆಲಸ ಮುಗಿದು ಗಾರೆ ಒಣಗಿದ ಮೇಲೆ ಕೊನೆಯ ಸಲ ನೋಡಲು ಹೋದೆ. ನಡುಹಗಲು, ಉರಿಬಿಸಿಲು, ಬೆವರಿನಿಂದ ಅಂಗಿ ಮೈಗೆ ಅಂಟಿತ್ತು.

"ಕೆಲಸ ನೋಡ್ರಿ ಯಜ್ಜಾ," ಅಂದೆ.

"ನಾ ನೋಡಿ ಏನ ಮಾಡ್ಲಿ? ನೋಡಾಂವ ಬ್ಯಾರೆ ಅದಾನ," ಅಂದು ಅಜ್ಜ ಹಟ್ಟಿಯಿಂದ ದೊಡ್ಡ ಟಗರು ಹಿಡಿದು ತಂದರು. ಅದನ್ನು ಗೋಡೆಯ ಮುಂದೆ ನಿಲ್ಲಿಸಿದರು. ಟಗರು ಮೂಸಿತು. ಒಮ್ಮೆ ನೆಕ್ಕಿತು. ಮುಖ ತಿರುಗಿಸಿತು. ನಾಲ್ಕು ಹೆಜ್ಜೆ ಸರಿದು ಇನ್ನೊಂದು ಕಡೆ ನೆಕ್ಕಿ, ಅಲ್ಲಿಯೂ ಮುಖ ತಿರುಗಿಸಿತು. ನನ್ನ ಎದೆ ಹಗುರಾಯಿತು. ಉಪ್ಪಿಲ್ಲ, ಹಸಿ ಇಲ್ಲ. ಇಷ್ಟು ನಿಯತ್ತಿನ ಪರೀಕ್ಷೆಯನ್ನು ನನ್ನ ಕೆಲಸಕ್ಕೆ ಯಾರೂ ಮಾಡಿರಲಿಲ್ಲ.

ಆಮೇಲೆ ಟಗರು ನನ್ನ ಕಡೆ ಬಂತು. ಮುಂಗೈ ಮೂಸಿ, ಬೆರಳಿನಿಂದ ಮೊಣಕೈವರೆಗೆ ನೆಕ್ಕತೊಡಗಿತು. ಎಳೆದರೂ ಬಿಡಲಿಲ್ಲ.

ಅಜ್ಜ ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು, "ಗ್ವಾಡಿ ಒಣಗೇತಿ. ಗೌಂಡಿ ಇನ್ನಾ ಹಸಿ ಅದಾನ."

೭. ಮಳೆಯಿಲ್ಲದ ಕಾಲದ ಹಸಿ

ಇನ್ನು ಘೋಡಗೇರಿಯ ಗೋಡೆ. ಆ ಮಳೆಗಾಲದಲ್ಲಿ ದೊಡ್ಡ ಮಳೆ ಬಂದಾಗಲೆಲ್ಲ ನಾನು ರೇನ್‌ಕೋಟು ಹಾಕಿಕೊಂಡು ಗಾಡಿ ಹೊಡೆದು ಅಲ್ಲಿಗೆ ಹೋಗುತ್ತಿದ್ದೆ. ಸುರಿಯುವ ಮಳೆಯಲ್ಲಿ ಗೋಡೆಯ ಮುಂದೆ ನಿಂತು ನೋಡುತ್ತಿದ್ದೆ. ಛಜ್ಜಾದ ಗೆರೆಯಿಂದ ನೀರು ಸಾಲಾಗಿ ತೊಟ್ಟಿಕ್ಕುತ್ತಿತ್ತು. ಗಾರೆ ಒದ್ದೆಯಾಗುತ್ತಿತ್ತು, ಮಳೆ ನಿಂತ ಮೇಲೆ ಒಣಗುತ್ತಿತ್ತು. ಉಸಿರಾಡುವ ಗೋಡೆ ಹಾಗೆಯೇ ಮಾಡಬೇಕು. ಗೋಡೆಯ ಒಳಮೈ ಕೈಗೆ ಒಣಗಿಯೇ ಸಿಗುತ್ತಿತ್ತು. ದೀಪಾವಳಿಗೆ ಮಾವ ಗೋಡೆಯ ಮುಂದೆಯೇ ನಿಂತು, "ಚಾ ತಗೋರಿ ಅಳಿಯಾರ," ಅಂದರು. ಗೋಡೆಯ ಎದುರಿನಲ್ಲಿ ಅವರು "ಲೇ" ಬಿಟ್ಟು ಮಾತಾಡಿದ್ದು ಅದೇ ಮೊದಲು. ಗೆದ್ದೆ ಅಂದುಕೊಂಡು ಆಮೇಲೆ ಕೆಲವು ತಿಂಗಳು ಆ ಕಡೆ ಹೋಗಲಿಲ್ಲ.

ಯುಗಾದಿಗೆ ಇನ್ನೊಂದು ತಿಂಗಳು ಇದ್ದಾಗ ಹಾಗೇ ಹೋಗಿದ್ದೆ. ಬಾಜೂ ಮನೆಯ ಆಡು ಪಡುವಣ ಗೋಡೆಯ ಹತ್ತಿರ ನಿಂತಿತ್ತು. ಕುತ್ತಿಗೆ ಚಾಚಿ ಗೋಡೆಯನ್ನು ನೆಕ್ಕುತ್ತಿತ್ತು. ಮೂಡಲಗಿಯ ಟಗರನ್ನು ನೋಡಿ ಬಂದವನಿಗೆ ಅದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ. ಆಡನ್ನು ಓಡಿಸಿ ನೋಡಿದೆ.

ಅಂಗೈ ಅಗಲವಲ್ಲ, ಎರಡು ಮಾರು ಅಗಲದ ಹಸಿ. ಅಂಚಿನಲ್ಲಿ ಬಿಳಿ ಸೌಳು. ಮಳೆ ನಿಂತು ನಾಲ್ಕು ತಿಂಗಳಾಗಿತ್ತು, ಊರಿನ ಹಳ್ಳ ಒಣಗಿತ್ತು, ನನ್ನ ಗೋಡೆ ಒದ್ದೆಯಾಗಿತ್ತು.

ಇಪ್ಪತ್ತೆಂಟು ವರ್ಷದ ಕೆಲಸ ಹೋಗುತ್ತದೆ ಅಂತ ಅಳು ಬಂತು. ಆದರೆ ಅಳುವ ಮುಂಚೆ ಕಾರಣ ಹುಡುಕಬೇಕು, ಗೌಂಡಿಯ ಧರ್ಮ ಅದು. ನೆಲದಿಂದ ಏರಿದ್ದಾದರೆ ಬುಡ ಒದ್ದೆ ಇರಬೇಕು, ಬುಡ ಒಣಗಿತ್ತು. ಮೇಲಿನಿಂದ ಇಳಿದದ್ದಾದರೆ ಛಜ್ಜಾದ ಕೆಳಗೆ ಕಲೆ ಇರಬೇಕು, ಅಲ್ಲಿ ಇರಲಿಲ್ಲ. ಬಚ್ಚಲು ಇನ್ನೊಂದು ಬದಿಗೆ, ಈ ಗೋಡೆಯಲ್ಲಿ ಪೈಪೇ ಇಲ್ಲ. ಹಸಿ ಎದೆಯೆತ್ತರದಲ್ಲಿ ಬೀಸಣಿಗೆಯ ಹಾಗೆ ಹರಡಿ ಅಲ್ಲಿಂದ ಕೆಳಗೆ ಇಳಿದಿತ್ತು. ಮೇಲಿನಿಂದಲೂ ಅಲ್ಲ, ಕೆಳಗಿನಿಂದಲೂ ಅಲ್ಲ. ನೀರು ಎದುರಿನಿಂದ ಬಂದಿತ್ತು. ಯಾರೋ ಎರಚುತ್ತಿದ್ದರು.

ನಾನು ಸೋಲಬೇಕು ಅಂತ ಯಾರಿಗೆ ಇರುತ್ತದೆ? ಒಬ್ಬರಿಗೇ. ಗುರು ಅಂತ ನಂಬಿದವರು, ಮಗಳನ್ನು ಕೊಟ್ಟವರು ಹೀಗೆ ಮಾಡಬಹುದೇ? ಅಂದು ಊಟ ಮಾಡಿ, ಎಲ್ಲರಿಗೂ ಕೇಳುವ ಹಾಗೆ "ಬರ್ತೇನ್ರಿ" ಅಂತ ಹೇಳಿ ಗಾಡಿ ಚಾಲೂ ಮಾಡಿದೆ. ಊರಾಚೆಯ ಬೇವಿನ ಮರದ ಕೆಳಗೆ ಅದನ್ನು ನಿಲ್ಲಿಸಿ, ನಡೆದುಕೊಂಡು ವಾಪಸು ಬಂದು, ಜೋಳದ ಕಣಿಕೆಯ ಬಣವೆಯ ಹಿಂದೆ ನಿಂತೆ.

ಉಂಡವರೆಲ್ಲ ಅಡ್ಡಾದ ಹೊತ್ತು. ಹಿತ್ತಲ ಬಾಗಿಲು ತೆರೆಯಿತು. ಮಾವ ಧೋತರ ಮೇಲೆ ಕಟ್ಟಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಚರಗಿ ಹಿಡಿದು ಬಂದರು. ಅತ್ತಿತ್ತ ನೋಡಿದರು. ಚರಗಿಯಲ್ಲಿ ನೀರು ತುಂಬಿ, ಮಣಿಕಟ್ಟು ತಿರುಗಿಸಿ, ಗೋಡೆಗೆ ನೋವಾಗದ ಹಾಗೆ ಎರಚಿದರು. ಅದೇ ಕೈತಿರುವು, ನನಗೆ ಅವರೇ ಕಲಿಸಿದ್ದು.

"ಮಾವಾರ."

ಚರಗಿ ಕೈಜಾರಿ ಉರುಳಿತು.

"ನನ್ನ ಥಾಪಿ ಕಸಗೊಳ್ಳಾಕ ಇಷ್ಟ ಆಶಾ ಇತ್ತೇನ್ರಿ ನಿಮಗ?" ಅಂದೆ.

"ಲೇ ಹುಚ್ಚಾ, ಕಸಗೊಳ್ಳಾಕಲ್ಲ, ಉಳಸಾಕ," ಅಂದರು ಮಾವ. "ನೀ ಹತ್ತ ದಿನಾ ನೀರ ಹೊಡದ ನಿಲ್ಲಿಸಿದಿ. ಇಷ್ಟಕ್ಕ ಗಾರಿ ಗಟ್ಟಿ ಆಗೂದಿಲ್ಲ ಅಂತ ನನಗ ಅವತ್ತಿಂದ ರೊಟ್ಟಿ ಇಳೀಲಿಲ್ಲ. ಮಳಿಗಾಲದಾಗ ಮಳೀನ ನೀರ ಹೊಡೀತು. ಮಳಿ ನಿಂತ ಮ್ಯಾಲ ಯಾರರೆ ಹೊಡೀಬೇಕಲ್ಲ? ಮಂದಿ ಮುಂದ ಆಣಿ ಮಾಡಿ ಕುಂತಿ. ಈ ಗ್ವಾಡಿ ಸೀಳಿದ್ರ ನನ್ನ ಕೈಯಾಗ ಬೆಳದ ಗೌಂಡಿ ಥಾಪಿ ಇಡಬೇಕಾಗತಿತ್ತು. ಅದನ್ನ ನೋಡಾಕ ನಾ ಬದಕಿರ್ಬೇಕ?"

ಈ ಮನುಷ್ಯನ ಮೇಲೆ ಅರ್ಧ ದಿನ ಸಂಶಯ ಪಟ್ಟದ್ದಕ್ಕೆ ನಾಚಿಕೆಯಾಯಿತು. ಮೆಲ್ಲಗೆ ಹೇಳಿದೆ, "ಮಾವಾರ, ಈ ಹಸಿ ಬಂದಿದ್ದ ನಿಮ್ಮ ನೀರಿಂದ್ರಿ."

ಅವರು ಗೋಡೆಯ ಮೇಲೆ ಅಂಗೈ ಇಟ್ಟರು. ಸೌಳನ್ನು ಉಗುರಿನಿಂದ ಕೆರೆದು ನೋಡಿದರು. ಹಳೆಯ ಗೌಂಡಿ, ಬೇಗ ತಿಳಿಯಿತು.

"ನೀರ ಹೊಡಿಯಾಕ ನಿನಗ ನಾನ ಕಲಿಸಿದ್ದಲ್ಲ?"

"ಹೌದ್ರಿ."

"ನಿಲ್ಲಸಾಕ?"

"ಅದನ್ನ ನೀವು ಕಲಿಸಲಿಲ್ರಿ."

ಅವರು ಬಿದ್ದ ಚರಗಿಯನ್ನು ಎತ್ತಿ ಬಕೆಟ್ಟಿನಲ್ಲಿ ಹಾಕಿ ಹೇಳಿದರು, "ನಾಲ್ಕ ತಿಂಗಳ ನೀರ ಹೊಡದ್ರೂ ಒಂದ ಚೂರ ಉದರಿಲ್ಲ. ಗ್ವಾಡಿ ಗೆದ್ದೈತಿ. ಸೋತಾಂವ ನಾನು. ಥಾಪಿ ಇಡೂದಾದ್ರ ನಾ ಇಡಬೇಕು, ನಂದು ಅಟ್ಟದ ಮ್ಯಾಲ ಇಟ್ಟ ಹತ್ತ ವರ್ಷ ಆತು. ನೀ ಹೋಗಿ ನಿನ್ನ ಕೆಲಸಾ ನೋಡು. ಇವತ್ತಿಂದ ಈ ಗ್ವಾಡಿಗೆ ಒಂದ ಹನಿ ನೀರಿಲ್ಲ."

ಹಿತ್ತಲ ಬಾಗಿಲಲ್ಲಿ ಅತ್ತೆ ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ.

"ಹಂಗಾರ ನನ್ನ ಮುಂಜಾನಿ ಕೊಡಾ?" ಅಂದರು.

ಮಾವ, ನಾನು ಇಬ್ಬರೂ ತಿರುಗಿ ನೋಡಿದೆವು.

"ಇವ್ರು ಹಾಕೂದ ನನಗೇನ ಗೊತ್ತು?" ಅಂದರು ಅತ್ತೆ. "ನಾ ದಿನಾ ಮುಂಜಾನಿ ಅಂಗಳಾ ಸಾರಸೂವಾಗ ಒಂದ ಕೊಡಾ ಗ್ವಾಡಿಗೆ ಹಾಕ್ತಿದ್ದೆ. ಮಗಳು ಫೋನ್ ಮಾಡಿ ಹೇಳಿದ್ಳು, ನಿಮ್ಮ ಥಾಪಿ ಉಳೀಬೇಕಂದ್ರ ಹಾಕ ಅಂತ."

ಯುಗಾದಿಯ ಹೊತ್ತಿಗೆ ಗೋಡೆ ಒಣಗಿ ಗರಿಗರಿಯಾಯಿತು, ಅದು ಆಮೇಲಿನ ಮಾತು. ಆಗ ನಾನು ಅಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದೆ. ಮಾವನ ಮಧ್ಯಾಹ್ನದ ಬಕೆಟ್ಟು, ಅತ್ತೆಯ ಮುಂಜಾನೆಯ ಕೊಡ, ಎರಡು ಮಾರಿನ ಹಸಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ಅಂದಳು, "ಒಂದ ಕೊಡಾ? ನಾ ಅವ್ವಗ ಎರಡ ಹಾಕ ಅಂತ ಹೇಳಿದ್ನಲ್ಲ."